ನಗರ ಸ್ಥಳೀಯ ಸಂಸ್ಥೆಗಳ ಕಾರ್ಮಿಕರಿಗೆ ಅಪಘಾತ ಪರಿಹಾರ: ಕ್ಲೇಮು ನಿರ್ವಹಣೆಯ ಆಯ್ಕೆ ಮತ್ತು ಅರ್ಜಿ ಸಲ್ಲಿಸುವ ವಿಧಾನ

1. ಪೀಠಿಕೆ

ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿ ಹೋಬಳಿಯ ಗ್ರಾಮಗಳಿಂದ ಅನೇಕರು ತಿಪಟೂರು ನಗರಸಭೆ, ಚಿಕ್ಕನಾಯಕನಹಳ್ಳಿ ಪುರಸಭೆ ಹಾಗೂ ತುರುವೇಕೆರೆ ಪಟ್ಟಣ ಪಂಚಾಯಿತಿಗಳ ವ್ಯಾಪ್ತಿಯಲ್ಲಿ ಕೆಲಸ ಮಾಡುತ್ತಾರೆ. ಕಸ ಸಾಗಿಸುವ ವಾಹನದ ಚಾಲಕರು, ಲೋಡರ್‌ಗಳು, ನೀರು ಬಿಡುವವರು, ಬೀದಿ ದೀಪ ದುರಸ್ತಿ ಮಾಡುವವರು ಹಾಗೂ ಒಳಚರಂಡಿ ಕೆಲಸಗಾರರು ಇವರಲ್ಲಿ ಸೇರುತ್ತಾರೆ. ಕೆಲವರು ಸ್ಥಳೀಯ ಸಂಸ್ಥೆಯ ನೇರ ನೌಕರರಾಗಿದ್ದರೆ, ಇನ್ನು ಕೆಲವರು ಹೊರಗುತ್ತಿಗೆಯ ಮೂಲಕ ಬಂದವರಾಗಿರುತ್ತಾರೆ.

ಕೆಲಸದ ವೇಳೆ ಅಪಘಾತ ಸಂಭವಿಸಿದಾಗ ಇಂತಹ ಕಾರ್ಮಿಕರ ಕುಟುಂಬವು ಎದುರಿಸುವ ಮೊದಲ ಪ್ರಶ್ನೆಯೇ ಅರ್ಜಿಯನ್ನು ಯಾರಿಗೆ ಕೊಡಬೇಕೆಂಬುದು. ಕಚೇರಿಯಲ್ಲಿ ಗುತ್ತಿಗೆದಾರರನ್ನು ಕಾಣುವಂತೆ ಸೂಚಿಸುವುದು, ಗುತ್ತಿಗೆದಾರರು ವಿಮಾ ಕಂಪನಿಯತ್ತ ಬೆರಳು ತೋರಿಸುವುದು, ವಿಮಾ ಕಂಪನಿಯು ಸದರಿ ಕಾರ್ಮಿಕರ ಹೆಸರು ಪಟ್ಟಿಯಲ್ಲಿಲ್ಲವೆಂದು ತಿಳಿಸುವುದು ಸಾಧ್ಯ. ಈ ಅಲೆದಾಟದ ನಡುವೆ ಅರ್ಜಿಯ ಕಾಲಮಿತಿ ಮುಗಿದುಹೋಗಬಹುದು.

ಸ್ಥಳೀಯ ಸಂಸ್ಥೆಯೊಂದು ಕ್ಲೇಮುಗಳ ನಿರ್ವಹಣೆಯನ್ನು ಯಾರಿಗೆ ವಹಿಸಬಹುದು, ವಹಿಸುವಾಗ ಏನನ್ನು ಪರಿಶೀಲಿಸಬೇಕು ಮತ್ತು ಯಾರಿಗೇ ವಹಿಸಿದ್ದರೂ ಕಾರ್ಮಿಕರು ತಮ್ಮ ಹಕ್ಕನ್ನು ಎಲ್ಲಿ ಮಂಡಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಇದರ ಮುಖ್ಯಾಂಶವಿಷ್ಟೆ: ನಿರ್ವಹಣೆಯನ್ನು ಬೇರೊಬ್ಬರಿಗೆ ವಹಿಸಬಹುದು, ಹೊಣೆಯನ್ನು ವಹಿಸಲಾಗದು.

2. ಕಾನೂನಿನ ಚೌಕಟ್ಟು

ಕೆಲಸದಿಂದ ಮತ್ತು ಕೆಲಸದ ಅವಧಿಯಲ್ಲಿ ಉಂಟಾದ ಅಪಘಾತಗಳಿಗೆ ಪರಿಹಾರ ನೀಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿದ್ದು 1923ರ ಕಾರ್ಮಿಕರ ನಷ್ಟ ಪರಿಹಾರ ಅಧಿನಿಯಮ. 2009ರ ತಿದ್ದುಪಡಿಯು 2010ರ ಜನವರಿ 18ರಿಂದ ಜಾರಿಗೆ ಬಂದಾಗ ಇದರ ಹೆಸರು ನೌಕರರ ನಷ್ಟ ಪರಿಹಾರ ಅಧಿನಿಯಮ ಎಂದು ಬದಲಾಯಿತು. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದು, ಸದರಿ ಅಧಿನಿಯಮವು ರದ್ದಾಗಿದೆ. ನೌಕರರ ಪರಿಹಾರದ ಉಪಬಂಧಗಳು ಈಗ ಸಂಹಿತೆಯ 7ನೇ ಅಧ್ಯಾಯದಲ್ಲಿವೆ. ಹಿಂದೆ ‘ಆಯುಕ್ತರು’ ಎಂದಿದ್ದ ತೀರ್ಮಾನಾಧಿಕಾರಿಯನ್ನು ಸಂಹಿತೆಯು ‘ಸಕ್ಷಮ ಪ್ರಾಧಿಕಾರ’ ಎಂದು ಕರೆಯುತ್ತದೆ.

ಮೇಲ್ಕಂಡ ದಿನಾಂಕಕ್ಕೆ ಮುಂಚೆ ನಡೆದ ಅಪಘಾತಗಳ ಹಕ್ಕು ಮತ್ತು ಹೊಣೆಗಳು ರದ್ದತಿಯಿಂದ ಅಳಿದುಹೋಗುವುದಿಲ್ಲ. ಆದ್ದರಿಂದ ಅರ್ಜಿಯಲ್ಲಿ ಅಪಘಾತದ ದಿನಾಂಕವನ್ನು ಸ್ಪಷ್ಟವಾಗಿ ನಮೂದಿಸುವುದು ಅತ್ಯವಶ್ಯ.

3. ಪರಿಹಾರದ ಹೊಣೆ ಯಾರದು

ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯು ತಾನೇ ನೇಮಿಸಿಕೊಂಡ ಕಾರ್ಮಿಕರ ಮಟ್ಟಿಗೆ ಮಾಲೀಕನ ಸ್ಥಾನದಲ್ಲಿರುತ್ತದೆ. ತಾನು ಸಾಮಾನ್ಯವಾಗಿ ಮಾಡಬೇಕಾದ ಕೆಲಸವನ್ನು ಗುತ್ತಿಗೆದಾರರಿಂದ ಮಾಡಿಸಿದಾಗ ಅದು ಪ್ರಧಾನ ಮಾಲೀಕನಾಗುತ್ತದೆ. 1923ರ ಅಧಿನಿಯಮದ 12ನೇ ಪ್ರಕರಣವು ಗುತ್ತಿಗೆ ಕಾರ್ಮಿಕರಿಗೂ ಪ್ರಧಾನ ಮಾಲೀಕನೇ ಪರಿಹಾರ ನೀಡತಕ್ಕದ್ದೆಂದೂ, ನಂತರ ಆ ಮೊತ್ತವನ್ನು ಗುತ್ತಿಗೆದಾರರಿಂದ ವಸೂಲು ಮಾಡಿಕೊಳ್ಳಬಹುದೆಂದೂ ವಿಧಿಸಿತ್ತು. ಸಂಹಿತೆಯೂ ಈ ತತ್ವವನ್ನು ಉಳಿಸಿಕೊಂಡಿದೆ. ಅಪಘಾತವು ಪ್ರಧಾನ ಮಾಲೀಕನ ಕೆಲಸದ ಸ್ಥಳದಲ್ಲಿ ಅಥವಾ ಅವನ ನಿಯಂತ್ರಣದಲ್ಲಿರುವ ಸ್ಥಳದಲ್ಲಿ ನಡೆದಿರಬೇಕೆಂಬುದು ಇದರ ಷರತ್ತು. ಕಾರ್ಮಿಕರು ಬಯಸಿದಲ್ಲಿ ನೇರವಾಗಿ ಗುತ್ತಿಗೆದಾರರಿಂದಲೂ ಪರಿಹಾರ ಕೋರಬಹುದು.

ಆದ್ದರಿಂದ ‘ಗುತ್ತಿಗೆದಾರರನ್ನು ಕೇಳಿ’ ಎಂಬ ಉತ್ತರದಿಂದ ಸ್ಥಳೀಯ ಸಂಸ್ಥೆಯ ಹೊಣೆ ಮುಗಿಯುವುದಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವುದಾಗಿ ಕಾರ್ಮಿಕರಿಂದ ಬರೆಸಿಕೊಂಡ ಒಪ್ಪಂದವು ಅನೂರ್ಜಿತ.

ಮೂರು ದಿನಗಳನ್ನು ಮೀರದ ಅಶಕ್ತತೆಗೆ ಪರಿಹಾರ ದೊರೆಯುವುದಿಲ್ಲ. ಮದ್ಯದ ಅಮಲು ಅಥವಾ ಸುರಕ್ಷತಾ ನಿಯಮಗಳ ಉದ್ದೇಶಪೂರ್ವಕ ಉಲ್ಲಂಘನೆಯ ಕಾರಣದಿಂದ ಪರಿಹಾರವನ್ನು ನಿರಾಕರಿಸಬಹುದು; ಆದರೆ ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಉಂಟಾದಲ್ಲಿ ಈ ಕಾರಣವೂ ಅನ್ವಯಿಸದು. ಮನೆಯಿಂದ ಕೆಲಸಕ್ಕೆ ಬರುವಾಗ ಅಥವಾ ಕೆಲಸದಿಂದ ಮರಳುವಾಗ ಆದ ಅಪಘಾತವೂ, ಕೆಲಸದೊಂದಿಗೆ ಅದರ ಸಂಬಂಧ ಸ್ಥಾಪಿತವಾದಲ್ಲಿ, ಸಂಹಿತೆಯ ವ್ಯಾಪ್ತಿಗೆ ಬರುತ್ತದೆ. ನಸುಕಿನಲ್ಲಿ ಕಿಬ್ಬನಹಳ್ಳಿ ಕ್ರಾಸ್‌ನಿಂದ ತಿಪಟೂರಿಗೆ ಹೊರಡುವ ಕಾರ್ಮಿಕರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. 1923ರ ಅಧಿನಿಯಮದ ಪ್ರಕರಣಗಳಲ್ಲಿಯೂ ಸರ್ವೋಚ್ಚ ನ್ಯಾಯಾಲಯವು 2025ರ ಜುಲೈ ತಿಂಗಳಲ್ಲಿ ಇದೇ ತತ್ವವನ್ನು ಅಂಗೀಕರಿಸಿದೆ.

4. ಕ್ಲೇಮು ನಿರ್ವಹಣೆಯ ಮಾರ್ಗಗಳು

ಅಮೆರಿಕದ ಅನೇಕ ನಗರಾಡಳಿತಗಳು ಪರಿಹಾರದ ಹಣವನ್ನು ಸ್ವಂತ ನಿಧಿಯಿಂದ ನೀಡಿ, ಕ್ಲೇಮುಗಳ ಪರಿಶೀಲನೆ ಮತ್ತು ಪಾವತಿಯ ಕೆಲಸವನ್ನು ಮಾತ್ರ ಟೆಂಡರ್ ಮೂಲಕ ಆಯ್ಕೆಯಾದ ಖಾಸಗಿ ನಿರ್ವಾಹಕ ಸಂಸ್ಥೆಗೆ ವಹಿಸುತ್ತವೆ. ಭಾರತದಲ್ಲಿ ಟಿ.ಪಿ.ಎ. ಎಂದು ಕರೆಯಲಾಗುವ ಸಂಸ್ಥೆಗಳು 2001ರ ನಿಯಮಾವಳಿಯಿಂದ ಮೊದಲ್ಗೊಂಡು ಮುಖ್ಯವಾಗಿ ಆರೋಗ್ಯ ವಿಮೆಯ ಕ್ಲೇಮುಗಳಿಗಾಗಿ ಇವೆ. ಇಲ್ಲಿನ ಸ್ಥಳೀಯ ಸಂಸ್ಥೆಗಳ ಮುಂದಿರುವ ಮಾರ್ಗಗಳು ಈ ಕೆಳಕಂಡಂತಿವೆ.

(ಅ) ಇ.ಎಸ್.ಐ. ವ್ಯಾಪ್ತಿ: ಕಾರ್ಮಿಕರು ಇ.ಎಸ್.ಐ. ಯೋಜನೆಯಲ್ಲಿ ವಿಮೆದಾರರಾಗಿದ್ದಲ್ಲಿ ಉದ್ಯೋಗ ಅಪಘಾತದ ಸೌಲಭ್ಯಗಳನ್ನು ನಿಗಮವೇ ನೀಡುತ್ತದೆ. ವೇತನ ಮಿತಿಯನ್ನು 2017ರ ಜನವರಿ 1ರಿಂದ ಮಾಹೆಯಾನ 21,000 ರೂ.ಗಳಿಗೆ ಏರಿಸಲಾಯಿತು. 2019ರ ಜುಲೈ 1ರಿಂದ ವಂತಿಗೆಯು ಮಾಲೀಕರಿಂದ ಶೇ. 3.25 ಮತ್ತು ನೌಕರರಿಂದ ಶೇ. 0.75 ಎಂದು ನಿಗದಿಯಾಯಿತು. ತಾತ್ಕಾಲಿಕ ಅಶಕ್ತತೆಗೆ ಹಾಗೂ ಮೃತರ ಅವಲಂಬಿತರಿಗೆ ಸರಾಸರಿ ವೇತನದ ಶೇ. 90ರ ದರದಲ್ಲಿ ನಿಯತಕಾಲಿಕ ಪಾವತಿ ದೊರೆಯುತ್ತದೆ. ಇ.ಎಸ್.ಐ. ಸೌಲಭ್ಯಕ್ಕೆ ಅರ್ಹರಾದವರು ಅದೇ ಗಾಯಕ್ಕೆ ಮಾಲೀಕರಿಂದ ನೌಕರರ ಪರಿಹಾರವನ್ನು ಪ್ರತ್ಯೇಕವಾಗಿ ಪಡೆಯುವಂತಿಲ್ಲ. ನಗರ ಸ್ಥಳೀಯ ಸಂಸ್ಥೆಗಳ ಹಂಗಾಮಿ ಮತ್ತು ಗುತ್ತಿಗೆ ಕಾರ್ಮಿಕರನ್ನು ಇ.ಎಸ್.ಐ. ವ್ಯಾಪ್ತಿಗೆ ತರುವ ವಿಷಯವನ್ನು ರಾಜ್ಯಗಳೊಡನೆ ಕೈಗೆತ್ತಿಕೊಳ್ಳುವಂತೆ ಕೇಂದ್ರ ಕಾರ್ಮಿಕ ಸಚಿವಾಲಯವು 2021ರ ಜೂನ್ ತಿಂಗಳಲ್ಲಿ ನಿಗಮಕ್ಕೆ ಸೂಚಿಸಿತು. ವೇತನ ಚೀಟಿಯಲ್ಲಿ ಕಡಿತವಿದೆಯೇ, ವಿಮಾ ಸಂಖ್ಯೆ ನೀಡಲಾಗಿದೆಯೇ ಎಂಬುದನ್ನು ಪ್ರತಿಯೊಬ್ಬ ಕಾರ್ಮಿಕರೂ ಮುಂಚಿತವಾಗಿ ಖಚಿತಪಡಿಸಿಕೊಳ್ಳಬೇಕು.

(ಆ) ಸಾಮಾನ್ಯ ವಿಮಾ ಕಂಪನಿಯ ಪಾಲಿಸಿ: ಇ.ಎಸ್.ಐ. ವ್ಯಾಪ್ತಿಗೆ ಬಾರದವರಿಗಾಗಿ ಸ್ಥಳೀಯ ಸಂಸ್ಥೆ ಅಥವಾ ಗುತ್ತಿಗೆದಾರರು ನೌಕರರ ಪರಿಹಾರ ಪಾಲಿಸಿ ಪಡೆಯಬಹುದು. ಈ ಪಾಲಿಸಿಗಳನ್ನು ಸಾರ್ವಜನಿಕ ವಲಯದ ನಾಲ್ಕು ಸಾಮಾನ್ಯ ವಿಮಾ ಕಂಪನಿಗಳಾದ ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಹಾಗೂ ಖಾಸಗಿ ಕಂಪನಿಗಳು ನೀಡುತ್ತವೆ. ಕಾರ್ಮಿಕರ ಸಂಖ್ಯೆ, ಕೆಲಸದ ಸ್ವರೂಪ ಮತ್ತು ಘೋಷಿತ ವೇತನದ ಆಧಾರದಲ್ಲಿ ಪ್ರೀಮಿಯಂ ನಿಗದಿಯಾಗುತ್ತದೆ.

(ಇ) ಸ್ವಂತ ನಿಧಿಯಿಂದ ಪಾವತಿ: ವಿಮೆ ಇಲ್ಲದಿದ್ದಲ್ಲಿ ಸ್ಥಳೀಯ ಸಂಸ್ಥೆಯೇ ತನ್ನ ನಿಧಿಯಿಂದ ಪರಿಹಾರ ನೀಡತಕ್ಕದ್ದು. ವಿಮೆ ಮಾಡಿಸಿಲ್ಲವೆಂಬುದು ಪರಿಹಾರ ನಿರಾಕರಿಸಲು ಕಾರಣವಾಗದು.

5. ಆಯ್ಕೆಯ ಸಂದರ್ಭದಲ್ಲಿ ಪರಿಶೀಲಿಸಬೇಕಾದ ಅಂಶಗಳು

ಸ್ಥಳೀಯ ಸಂಸ್ಥೆಗಳು ಸೇವೆಗಳನ್ನು ಪಡೆಯುವ ಪ್ರಕ್ರಿಯೆಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅನ್ವಯಿಸುತ್ತದೆ. ಅತಿ ಕಡಿಮೆ ದರ ನಮೂದಿಸಿದವರನ್ನು ಆರಿಸುವುದು ಸುಲಭ. ಆದರೆ ಪಾಲಿಸಿಯಲ್ಲಿ ಬಿಟ್ಟುಹೋದ ಒಂದು ಷರತ್ತಿನ ಬೆಲೆಯನ್ನು ಮುಂದೆ ಕಾರ್ಮಿಕರ ಕುಟುಂಬವೂ ಸ್ಥಳೀಯ ಸಂಸ್ಥೆಯ ನಿಧಿಯೂ ತೆರಬೇಕಾಗುತ್ತದೆ. ಆದ್ದರಿಂದ ದರದ ಜೊತೆಗೆ ಈ ಕೆಳಕಂಡ ಅಂಶಗಳು ಮುಖ್ಯವಾಗುತ್ತವೆ.

1) ಕಾರ್ಮಿಕರ ಪಟ್ಟಿ: ನೇರ ಕಾರ್ಮಿಕರಲ್ಲದೆ ಗುತ್ತಿಗೆ ಹಾಗೂ ಬದಲಿ ಕಾರ್ಮಿಕರೂ ಪಾಲಿಸಿಯಲ್ಲಿ ಸೇರಿದ್ದಾರೆಯೇ? ಚಾಲಕರು, ಲೋಡರ್‌ಗಳು ಮತ್ತು ಒಳಚರಂಡಿ ಕೆಲಸಗಾರರನ್ನು ಅವರ ನೈಜ ಕೆಲಸದ ಹೆಸರಿನಲ್ಲಿಯೇ ಘೋಷಿಸಲಾಗಿದೆಯೇ? ಅಪಘಾತದ ನಂತರ ಹೆಚ್ಚಿನ ವಿವಾದಗಳಿಗೆ ಎಡೆಮಾಡುವ ಅಂಶವಿದು.

2) ಘೋಷಿತ ವೇತನ: ವಾಸ್ತವವಾಗಿ ಪಾವತಿಸುವ ವೇತನವನ್ನೇ ಘೋಷಿಸಬೇಕು. ಪ್ರೀಮಿಯಂ ಉಳಿಸಲು ಕಡಿಮೆ ವೇತನ ತೋರಿಸಿದಲ್ಲಿ ವ್ಯತ್ಯಾಸದ ಮೊತ್ತವು ಮಾಲೀಕರ ಮೇಲೆಯೇ ಬೀಳುವ ಸಂಭವವಿದೆ.

3) ವೈದ್ಯಕೀಯ ವೆಚ್ಚ: ಚಿಕಿತ್ಸೆಗೆ ತಗುಲಿದ ವಾಸ್ತವ ವೆಚ್ಚವನ್ನು ಮರುಪಾವತಿಸುವ ಹೊಣೆಯನ್ನು 2009ರ ತಿದ್ದುಪಡಿಯು ಮಾಲೀಕರ ಮೇಲೆ ಹೊರಿಸಿತು. ಸಾಮಾನ್ಯ ಪಾಲಿಸಿಯಲ್ಲಿ ಇದು ಸೇರಿರದಿದ್ದಲ್ಲಿ ಹೆಚ್ಚುವರಿ ರಕ್ಷಣೆಯಾಗಿ ಪಡೆಯಬೇಕಾಗುತ್ತದೆ.

4) ಬಡ್ಡಿ ಮತ್ತು ದಂಡ: ವಿಳಂಬದ ದಂಡವನ್ನು ಮಾಲೀಕರೇ ಭರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ತೀರ್ಪು ನೀಡಿದೆ. ಬಡ್ಡಿಯ ಹೊಣೆಯನ್ನು ಪಾಲಿಸಿಯ ಷರತ್ತಿನ ಮೂಲಕ ವಿಮಾ ಕಂಪನಿಯು ಹೊರಗಿಡಬಹುದೆಂದು 2006ರಲ್ಲಿ ಅದೇ ನ್ಯಾಯಾಲಯ ತಿಳಿಸಿದೆ. ಆದ್ದರಿಂದ ಕಡತವನ್ನು ತಡಮಾಡುವ ನಿರ್ವಾಹಕರು ಅಗ್ಗದ ದರಕ್ಕೆ ದೊರೆತರೂ ಅಂತಿಮವಾಗಿ ದುಬಾರಿಯಾಗುತ್ತಾರೆ.

5) ಮಾಹಿತಿ ನೀಡುವ ವ್ಯವಸ್ಥೆ: ಅಪಘಾತದ ವಿವರವನ್ನು ರಜಾ ದಿನಗಳಲ್ಲಿಯೂ ಸ್ವೀಕರಿಸುವ ವ್ಯವಸ್ಥೆ ಇರಬೇಕು. ತಾಲ್ಲೂಕು ಕೇಂದ್ರದಲ್ಲಿ ಹೊಣೆಗಾರ ವ್ಯಕ್ತಿ, ಕನ್ನಡದಲ್ಲಿ ನಮೂನೆಗಳು ಮತ್ತು ಪ್ರತಿ ಅರ್ಜಿಗೆ ಸ್ವೀಕೃತಿ ಇರುವುದು ಅಗತ್ಯ. ಪರಿಹಾರದ ಹಕ್ಕುಗಳನ್ನು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸುವುದು 2017ರ ತಿದ್ದುಪಡಿಯಿಂದ ಮಾಲೀಕರ ಕರ್ತವ್ಯವಾಯಿತು.

6) ಗುತ್ತಿಗೆದಾರರ ಬಿಲ್ಲು: ಪಾಲಿಸಿಯ ನವೀಕರಣ ಮತ್ತು ಇ.ಎಸ್.ಐ. ವಂತಿಗೆಯ ರಸೀದಿಗಳನ್ನು ಪರಿಶೀಲಿಸದೆ ಗುತ್ತಿಗೆದಾರರ ಬಿಲ್ಲನ್ನು ಪಾವತಿಸದಿರುವುದು ಉತ್ತಮ ಕ್ರಮ.

ಟೆಂಡರ್ ಷರತ್ತು, ಪಾಲಿಸಿಯ ಪ್ರತಿ ಮತ್ತು ಕಾರ್ಮಿಕರ ಪಟ್ಟಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿ 10 ರೂ. ಶುಲ್ಕದೊಂದಿಗೆ ಕೋರಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿರುವುದಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಅಪಘಾತವಾಗುವ ಮುನ್ನವೇ ಈ ಮಾಹಿತಿಯನ್ನು ಪಡೆದಿಟ್ಟುಕೊಳ್ಳುವುದು ಸೂಕ್ತ.

6. ಪರಿಹಾರದ ಲೆಕ್ಕಾಚಾರ

ಮರಣ ಸಂಭವಿಸಿದಲ್ಲಿ ಮಾಸಿಕ ವೇತನದ ಶೇ. 50ನ್ನು, ಶಾಶ್ವತ ಪೂರ್ಣ ಅಂಗವೈಕಲ್ಯ ಉಂಟಾದಲ್ಲಿ ಶೇ. 60ನ್ನು, ವಯಸ್ಸಿಗೆ ಅನುಗುಣವಾದ ಗುಣಕದಿಂದ ಗುಣಿಸಲಾಗುತ್ತದೆ. 1923ರ ಅಧಿನಿಯಮದ ಅನುಸೂಚಿಯಂತೆ ಗುಣಕವು 30 ವರ್ಷಕ್ಕೆ 207.98, 40 ವರ್ಷಕ್ಕೆ 184.17, 50 ವರ್ಷಕ್ಕೆ 153.09 ಆಗಿತ್ತು. 2020ರ ಜನವರಿ 3ರ ಅಧಿಸೂಚನೆಯು ಲೆಕ್ಕಕ್ಕೆ ಪರಿಗಣಿಸುವ ಮಾಸಿಕ ವೇತನದ ಗರಿಷ್ಠ ಮಿತಿಯನ್ನು 15,000 ರೂ. ಎಂದು ನಿಗದಿಪಡಿಸಿತು.

ಉದಾಹರಣೆ: 2024ರಲ್ಲಿ ನಡೆದ ಅಪಘಾತವೊಂದರಲ್ಲಿ ಮಾಹೆಯಾನ 12,000 ರೂ. ವೇತನದ, 40 ವರ್ಷ ವಯಸ್ಸಿನ ಲೋಡರ್ ಒಬ್ಬರು ಮೃತಪಟ್ಟಿದ್ದಾರೆಂದು ಭಾವಿಸಿದಲ್ಲಿ ಲೆಕ್ಕವು ಹೀಗಿರುತ್ತದೆ.

- ಮರಣ ಪರಿಹಾರ: 6,000 × 184.17 = 11,05,020 ರೂ.
- ಮರಣದ ಬದಲು ಶಾಶ್ವತ ಪೂರ್ಣ ಅಂಗವೈಕಲ್ಯ ಉಂಟಾಗಿದ್ದಲ್ಲಿ: 7,200 × 184.17 = 13,26,024 ರೂ.
- ಹೆಬ್ಬೆರಳು ಕಳೆದುಕೊಂಡಿದ್ದಲ್ಲಿ, ಅನುಸೂಚಿಯ ಶೇ. 30ರಂತೆ: 3,97,807 ರೂ. 20 ಪೈಸೆ.
- ತಾತ್ಕಾಲಿಕ ಅಶಕ್ತತೆಗೆ: ವೇತನದ ಶೇ. 25ರಂತೆ ಪ್ರತಿ ಅರ್ಧ ತಿಂಗಳಿಗೆ 3,000 ರೂ.

ಪರಿಹಾರವು ಅಪಘಾತದ ದಿನವೇ ಸಲ್ಲಬೇಕಾದ ಬಾಕಿಯಾಗುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1976ರಲ್ಲಿಯೇ ಸ್ಪಷ್ಟಪಡಿಸಿದೆ. ಒಂದು ತಿಂಗಳೊಳಗೆ ಪಾವತಿಸದಿದ್ದಲ್ಲಿ 1923ರ ಅಧಿನಿಯಮದಂತೆ ಶೇ. 12ರ ಸರಳ ಬಡ್ಡಿ ಸೇರುತ್ತದೆ. ಮೇಲಿನ ಮರಣ ಪರಿಹಾರದ ಮೇಲೆ ಒಂದು ವರ್ಷದ ಬಡ್ಡಿಯೇ 1,32,602 ರೂ. 40 ಪೈಸೆ ಆಗುತ್ತದೆ. ವಿಳಂಬಕ್ಕೆ ಸಮರ್ಥನೆ ಇಲ್ಲದಿದ್ದಲ್ಲಿ ಪರಿಹಾರದ ಶೇ. 50ರವರೆಗೆ, ಅಂದರೆ 5,52,510 ರೂ.ಗಳವರೆಗೆ, ದಂಡವನ್ನೂ ವಿಧಿಸಬಹುದು.

ಮೊತ್ತದ ಬಗ್ಗೆ ಮಾಲೀಕರಿಗೆ ತಕರಾರಿದ್ದಲ್ಲಿಯೂ ತಾವು ಒಪ್ಪಿಕೊಳ್ಳುವಷ್ಟು ಹಣವನ್ನು ತಾತ್ಕಾಲಿಕವಾಗಿ ಪಾವತಿಸತಕ್ಕದ್ದು. 2025ರ ನವೆಂಬರ್ 21ರ ನಂತರದ ಅಪಘಾತಗಳಿಗೆ ಸಂಹಿತೆ ಹಾಗೂ ಅದರ ಅಧಿಸೂಚನೆಗಳಲ್ಲಿರುವ ಮಿತಿ ಮತ್ತು ದರಗಳು ಅನ್ವಯಿಸುತ್ತವೆ.

7. ಅರ್ಜಿ ಸಲ್ಲಿಸುವ ವಿಧಾನ

1) ಅಪಘಾತವಾದ ಕೂಡಲೇ ಸ್ಥಳೀಯ ಸಂಸ್ಥೆಯ ಮುಖ್ಯಾಧಿಕಾರಿ ಅಥವಾ ಪೌರಾಯುಕ್ತರಿಗೂ ಗುತ್ತಿಗೆದಾರರಿಗೂ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಸ್ವೀಕೃತಿ ನೀಡದಿದ್ದಲ್ಲಿ ನೋಂದಾಯಿತ ಅಂಚೆಯ ಮೂಲಕ ಕಳುಹಿಸಬೇಕು. ಬಾಯಿಮಾತಿನ ತಿಳಿವಳಿಕೆಗೆ ಸಾಕ್ಷ್ಯವಿರುವುದಿಲ್ಲ.

2) ಪರಿಹಾರದ ಅರ್ಜಿಯನ್ನು ಅಪಘಾತ ಅಥವಾ ಮರಣದ ದಿನಾಂಕದಿಂದ 2 ವರ್ಷಗಳೊಳಗೆ ಸಲ್ಲಿಸತಕ್ಕದ್ದು. ಸಕಾರಣವಿದ್ದಲ್ಲಿ ವಿಳಂಬವನ್ನು ಮನ್ನಿಸಬಹುದಾದರೂ ಅದನ್ನು ನಂಬಿ ಕಾಯಬಾರದು. ವಿಮಾ ಕಂಪನಿಯೊಂದಿಗೆ ಪತ್ರ ವ್ಯವಹಾರ ನಡೆದಿದೆಯೆಂಬ ಮಾತ್ರಕ್ಕೆ ಕಾಲಮಿತಿ ನಿಲ್ಲುವುದಿಲ್ಲ.

3) ಅರ್ಜಿಯನ್ನು ಅಪಘಾತ ನಡೆದ ಸ್ಥಳದ, ಅರ್ಜಿದಾರರು ವಾಸಿಸುವ ಸ್ಥಳದ ಅಥವಾ ಮಾಲೀಕರ ನೋಂದಾಯಿತ ಕಚೇರಿ ಇರುವ ಸ್ಥಳದ ವ್ಯಾಪ್ತಿಯ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ಆದ್ದರಿಂದ ಬೆಂಗಳೂರಿನಲ್ಲಿ ಅಪಘಾತಕ್ಕೀಡಾದ ಕಿಬ್ಬನಹಳ್ಳಿಯ ಕಾರ್ಮಿಕರ ಕುಟುಂಬವು ಬೆಂಗಳೂರಿಗೆ ಅಲೆಯದೆ ತನ್ನ ವಾಸಸ್ಥಳದ ವ್ಯಾಪ್ತಿಯಲ್ಲಿಯೇ ಅರ್ಜಿ ಸಲ್ಲಿಸಬಹುದು.

4) ರಾಜ್ಯದಲ್ಲಿ ಆಯುಕ್ತರ ಕಾರ್ಯವನ್ನು ಮೊದಲು ಕಾರ್ಮಿಕ ಇಲಾಖೆಯ ಅಧಿಕಾರಿಗಳು ನಿರ್ವಹಿಸುತ್ತಿದ್ದು, ನಂತರ ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ವಹಿಸಲಾಯಿತು. ಸಂಹಿತೆಯಡಿ ಸಕ್ಷಮ ಪ್ರಾಧಿಕಾರವನ್ನು ರಾಜ್ಯ ಸರ್ಕಾರವು ಅಧಿಸೂಚಿಸುವುದರಿಂದ, ಅರ್ಜಿದಾರರು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯುವುದು ಸೂಕ್ತ.

5) ಮರಣ ಪ್ರಕರಣದ ಪರಿಹಾರವನ್ನು ಮಾಲೀಕರು ಪ್ರಾಧಿಕಾರದಲ್ಲಿ ಠೇವಣಿ ಇಡತಕ್ಕದ್ದು, ಪ್ರಾಧಿಕಾರವು ಅದನ್ನು ಅವಲಂಬಿತರಿಗೆ ಹಂಚುತ್ತದೆ. ಕುಟುಂಬದ ಒಬ್ಬ ಸದಸ್ಯರ ಕೈಗೆ ಹಣ ನೀಡಿ ಸಹಿ ಪಡೆದ ಮಾತ್ರಕ್ಕೆ ಮಾಲೀಕರ ಹೊಣೆ ತೀರುವುದಿಲ್ಲ. ವಿಧವೆಯರು ಮತ್ತು ಅಪ್ರಾಪ್ತ ಮಕ್ಕಳ ಪಾಲನ್ನು ರಕ್ಷಿಸುವುದೇ ಈ ನಿಯಮದ ಉದ್ದೇಶ.

6) ವಕೀಲರ ನೇಮಕ ಕಡ್ಡಾಯವಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಆದಾಯದ ಮಿತಿಯಿಲ್ಲದೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ಕಾನೂನು ನೆರವು ಪಡೆಯಬಹುದು.

8. ಲಗತ್ತಿಸಬೇಕಾದ ದಾಖಲೆಗಳು

- ಪ್ರಥಮ ವರ್ತಮಾನ ವರದಿ ಅಥವಾ ಅಸಹಜ ಮರಣ ವರದಿಯ ಪ್ರತಿ
- ಗಾಯದ ಪ್ರಮಾಣ ಪತ್ರ, ಚಿಕಿತ್ಸೆಯ ಚೀಟಿ ಮತ್ತು ಬಿಲ್ಲುಗಳು, ಅಂಗವೈಕಲ್ಯದ ಪ್ರಮಾಣ ಪತ್ರ
- ಮರಣ ಪ್ರಕರಣದಲ್ಲಿ ಶವ ಪರೀಕ್ಷೆಯ ವರದಿ ಮತ್ತು ಮರಣ ಪ್ರಮಾಣ ಪತ್ರ
- ನಾಡಕಚೇರಿಯಿಂದ ಪಡೆದ ವಂಶವೃಕ್ಷ ದೃಢೀಕರಣ
- ವಯಸ್ಸಿನ ದಾಖಲೆ
- ವೇತನ ಚೀಟಿ, ಬ್ಯಾಂಕ್ ಪಾಸ್ ಪುಸ್ತಕ, ಹಾಜರಾತಿ ಪ್ರತಿ ಅಥವಾ ಗುರುತಿನ ಚೀಟಿ
- ಮಾಲೀಕರಿಗೆ ನೀಡಿದ ತಿಳಿವಳಿಕೆಯ ಸ್ವೀಕೃತಿ ಅಥವಾ ಅಂಚೆ ರಸೀದಿ

ಮರಣವು ನಡೆದ ಸ್ಥಳದಲ್ಲಿಯೇ ಅದರ ನೋಂದಣಿಯಾಗುತ್ತದೆ. ಗಾಯಾಳು ತುಮಕೂರಿನ ಆಸ್ಪತ್ರೆಯಲ್ಲಿ ಮೃತಪಟ್ಟಿದ್ದಲ್ಲಿ ಮರಣ ಪ್ರಮಾಣ ಪತ್ರವನ್ನು ಅಲ್ಲಿನ ನೋಂದಣಾಧಿಕಾರಿಗಳಿಂದ ಪಡೆಯಬೇಕೇ ಹೊರತು ಸ್ವಗ್ರಾಮದಲ್ಲಿ ಅಲ್ಲ.

9. ವಿಶೇಷ ಪ್ರಕರಣಗಳು

ವಾಹನ ಅಪಘಾತ: ಮೋಟಾರು ವಾಹನದಿಂದ ಅಪಘಾತವಾದಲ್ಲಿ ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಯ ಅಥವಾ ನೌಕರರ ಪರಿಹಾರದ ಮಾರ್ಗಗಳಲ್ಲಿ ಯಾವುದಾದರೂ ಒಂದನ್ನು ಮಾತ್ರ ಆರಿಸಿಕೊಳ್ಳಬಹುದು. ನ್ಯಾಯಮಂಡಳಿಯ ಅರ್ಜಿಗೆ 2022ರ ಏಪ್ರಿಲ್ 1ರಿಂದ 6 ತಿಂಗಳ ಕಾಲಮಿತಿಯನ್ನು ವಿಧಿಸಲಾಗಿದೆ. ಆದ್ದರಿಂದ ಆಯ್ಕೆಯನ್ನು ಕಾನೂನು ಸಲಹೆ ಪಡೆದು ಬೇಗನೆ ಮಾಡಿಕೊಳ್ಳಬೇಕು.

ಒಳಚರಂಡಿಯಲ್ಲಿ ಮರಣ: ಒಳಚರಂಡಿಗೆ ಮನುಷ್ಯರನ್ನು ಅಪಾಯಕಾರಿಯಾಗಿ ಇಳಿಸುವುದು 2013ರ ಅಧಿನಿಯಮದಂತೆ ನಿಷಿದ್ಧ. ಇಂತಹ ಮರಣಕ್ಕೆ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ನಿಗದಿಪಡಿಸಿದ್ದ 10 ಲಕ್ಷ ರೂ. ಪರಿಹಾರವನ್ನು 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ 30 ಲಕ್ಷ ರೂ.ಗಳಿಗೆ ಹೆಚ್ಚಿಸಿತು. ಶಾಶ್ವತ ಅಂಗವೈಕಲ್ಯಕ್ಕೆ ಕನಿಷ್ಠ 20 ಲಕ್ಷ ರೂ., ಇತರ ಅಂಗವೈಕಲ್ಯಕ್ಕೆ ಕನಿಷ್ಠ 10 ಲಕ್ಷ ರೂ. ಎಂದು ತೀರ್ಪು ನಿಗದಿಪಡಿಸಿದೆ.

ತೆಂಗಿನ ಮರ ಹತ್ತುವವರು: ಸ್ಥಳೀಯ ಸಂಸ್ಥೆಗಳ ಹೊರಗೆ ತೋಟಗಳಲ್ಲಿ ಕಾಯಿ ಕೀಳುವವರಿಗೆ ಹಾಗೂ ನೀರಾ ಇಳಿಸುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯು ಕೇರ ಸುರಕ್ಷಾ ವಿಮಾ ಯೋಜನೆಯನ್ನು ನಡೆಸುತ್ತದೆ. ಪ್ರೀಮಿಯಂನ ಹೆಚ್ಚಿನ ಪಾಲನ್ನು ಮಂಡಳಿಯೇ ಭರಿಸುತ್ತದೆ. ಇದು ವೈಯಕ್ತಿಕ ಅಪಘಾತ ವಿಮೆಯಾಗಿದ್ದು, ಅವಧಿ ಮುಗಿಯುವ ಮುನ್ನ ನವೀಕರಿಸದಿದ್ದಲ್ಲಿ ರಕ್ಷಣೆ ನಿಂತುಹೋಗುತ್ತದೆ. ವಿಮಾ ಮೊತ್ತ, ಫಲಾನುಭವಿಯ ವಂತಿಗೆ ಮತ್ತು ವಿಮಾ ಕಂಪನಿಗಳು ಕಾಲಕಾಲಕ್ಕೆ ಬದಲಾಗುವುದರಿಂದ ನಮೂನೆ ಹಾಗೂ ಚಾಲ್ತಿ ದರಗಳನ್ನು ಮಂಡಳಿಯ ಬೆಂಗಳೂರಿನ ಪ್ರಾದೇಶಿಕ ಕಚೇರಿಯಿಂದ ಪಡೆಯಬೇಕು.

10. ಸಾರ್ವಜನಿಕರ ಗಮನಕ್ಕೆ

ಕ್ಲೇಮನ್ನು ವಿಮಾ ಕಂಪನಿ ತಿರಸ್ಕರಿಸಿದಲ್ಲಿ ಅದು ಅಂತಿಮ ತೀರ್ಮಾನವಲ್ಲ. ನಿರ್ವಾಹಕರು ಯಾರೇ ಆಗಿರಲಿ, ಅವರು ಮಾಲೀಕರ ಪರವಾಗಿ ಕಡತವನ್ನು ಪರಿಶೀಲಿಸುವವರು ಮಾತ್ರ. ನೌಕರರ ಪರಿಹಾರದ ವಿವಾದವನ್ನು ತೀರ್ಮಾನಿಸುವ ಅಧಿಕಾರವಿರುವುದು ಕಾನೂನಿನಡಿ ನೇಮಕವಾದ ಪ್ರಾಧಿಕಾರಕ್ಕೆ. ಅದರ ಆದೇಶದ ವಿರುದ್ಧ, ಕಾನೂನು ತಿಳಿಸಿರುವ ಸಂದರ್ಭಗಳಲ್ಲಿ, ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಆದ್ದರಿಂದ ಕಾರ್ಮಿಕರು ಹಾಗೂ ಅವರ ಅವಲಂಬಿತರು ಸ್ಥಳೀಯ ಸಂಸ್ಥೆ, ಗುತ್ತಿಗೆದಾರರು ಮತ್ತು ವಿಮಾ ಕಂಪನಿ ಇವುಗಳ ನಡುವೆ ಅಲೆಯುತ್ತ ಕಾಲ ಕಳೆಯದೆ, ಎಲ್ಲರಿಗೂ ಲಿಖಿತ ತಿಳಿವಳಿಕೆ ನೀಡಿ, ನಿಗದಿತ ಅವಧಿಯೊಳಗೆ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸುವುದು. ಅಂತಹ ಅರ್ಜಿಯಲ್ಲಿ ಸ್ಥಳೀಯ ಸಂಸ್ಥೆ, ಗುತ್ತಿಗೆದಾರರು ಮತ್ತು ವಿಮಾ ಕಂಪನಿಯನ್ನು ಎದುರುದಾರರನ್ನಾಗಿ ನಮೂದಿಸಿದಲ್ಲಿ, ಹಣ ನೀಡಬೇಕಾದವರು ಯಾರೆಂಬ ಪ್ರಶ್ನೆಯನ್ನು ಕುಟುಂಬದ ಬದಲು ಪ್ರಾಧಿಕಾರವೇ ಬಗೆಹರಿಸುತ್ತದೆ.